ಸಹಾಯ ಬೇಕು: ಭಾರತ–ಬಾಂಗ್ಲಾದೇಶ ಕೃಷಿ ಮೀಥೇನ್ ಹೋಲಿಕೆ, 1990ರಿಂದ ಈಚೆಗೆ

ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ದತ್ತಾಂಶದಿಂದ ಎರಡೂ ದೇಶಗಳ ಗ್ರಾಫ್ ಸಿದ್ಧವಾಗುತ್ತಿದೆ. ಮೂಲದ ಕಾಲಂನಲ್ಲಿ 'ಎಫ್‌ಎಒ ಟೈರ್ 1' (ಸಿದ್ಧ ಸ್ಥಿರಾಂಕಗಳಿಂದ ಮಾಡುವ ಸರಳ ಲೆಕ್ಕ) ಮಾತ್ರ ಉಳಿಸಿದ್ದೇವೆ. ಯುಎನ್‌ಎಫ್‌ಸಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಒಪ್ಪಂದಕ್ಕೆ ದೇಶಗಳೇ ಕೊಟ್ಟ ಲೆಕ್ಕ) ಸಾಲುಗಳೂ ಸೇರಿಕೊಂಡರೆ ಕೆಲವು ವರ್ಷಗಳ ಮೊತ್ತ ದುಪ್ಪಟ್ಟಾಗುತ್ತದೆ. 2030, 2050ರ ಅಂದಾಜುಗಳನ್ನೂ ತೆಗೆದಿದ್ದೇವೆ. ಲೆಕ್ಕವೆಲ್ಲ ಮೀಥೇನ್ ಕಿಲೋಟನ್‌ನಲ್ಲೇ ಇದೆ. ಇಂಗಾಲದ ಡೈಆಕ್ಸೈಡ್ ಸಮಾನಕ್ಕೆ (ಅಷ್ಟೇ ತಾಪ ಏರಿಸುವ ಇಂಗಾಲದ ಡೈಆಕ್ಸೈಡ್ ಪ್ರಮಾಣಕ್ಕೆ) ಬದಲಿಸಿದರೆ ಒಂದು ವರದಿ 21ರಿಂದ, ಇನ್ನೊಂದು 28ರಿಂದ ಗುಣಿಸಿರುತ್ತದೆ, ಇಲ್ಲದ ಏರಿಕೆ ಕಾಣಿಸುತ್ತದೆ.

ಸಿಕ್ಕಿಕೊಂಡಿರುವುದು ಎರಡು ಕಡೆ.

ಟೈರ್ 1ರಲ್ಲಿ ಭಾರತ ಉಪಖಂಡದ ಹಾಲು ಕೊಡುವ ಹಸುವಿಗೆ ವರ್ಷಕ್ಕೆ 58 ಕೆಜಿ ಮೀಥೇನ್, ಎಮ್ಮೆಗೆ 55 ಕೆಜಿ ಎಂಬ ಸ್ಥಿರಾಂಕ (ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿ). ಹಾಲಿನ ಇಳುವರಿ ಹೆಚ್ಚಿದರೆ ಹಸು ತಿನ್ನುವುದೂ ಹೆಚ್ಚುತ್ತದೆ, ಮೀಥೇನ್ ಕೂಡ. ಆದರೆ ಸ್ಥಿರಾಂಕ ಕದಲುವುದಿಲ್ಲ. ಹೀಗಾಗಿ ನಾವು ಹೋಲಿಸುತ್ತಿರುವುದು ಬರೀ ಜಾನುವಾರು ಗಣತಿಯನ್ನೇ! ಇಳುವರಿಗೆ ತಕ್ಕಂತೆ ಮೇವಿನ ಸೇವನೆಯನ್ನು ದಶಕವಾರು ತಿದ್ದಿದವರು ಯಾವ ಜೀರ್ಣತೆ ಶೇಕಡಾ (ತಿಂದ ಮೇವಿನಲ್ಲಿ ಜೀರ್ಣವಾಗುವ ಪಾಲು) ಬಳಸಿದಿರಿ?

ಇನ್ನೊಂದು ಭತ್ತ. ಸದಾ ನೀರು ನಿಂತ ಗದ್ದೆಗೆ ಮೀಥೇನ್ ಗುಣಕ 1, ಹಲವು ಬಾರಿ ಒಣಗಿಸಿದರೆ 0.52, ಮಳೆಯಾಶ್ರಿತಕ್ಕೆ 0.28. ಬಾಂಗ್ಲಾದಲ್ಲಿ ನೀರಾವರಿಯ ಬೋರೊ (ಚಳಿಗಾಲದಲ್ಲಿ ನಾಟಿ ಮಾಡುವ ಭತ್ತ) ಬೆಳೆ ವಿಸ್ತರಿಸಿರುವುದರಿಂದ ಎಲ್ಲ ವರ್ಷಗಳಿಗೂ ಒಂದೇ ಸರಾಸರಿ ಗುಣಕ ಹಾಕುವುದು ತಪ್ಪು. ಹಂಗಾಮುವಾರು ವಿಸ್ತೀರ್ಣದ ಹಳೆಯ ಪಟ್ಟಿ ಇದ್ದವರು ದಯವಿಟ್ಟು ಹಂಚಿಕೊಳ್ಳಿ; ಎಕರೆಯೋ ಹೆಕ್ಟೇರೋ ಎಂದೂ ತಿಳಿಸಿ.