ಪದಚರ್ಚೆ: ‘ಮುದಿಕೋಶ’ ಸರಿಯೇ? ‘ಗೊಡ್ಡುಕೋಶ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು ತರುವ ಸಣ್ಣ ಪತ್ರಿಕೆಯೊಂದಕ್ಕೆ, ಮುಪ್ಪಿನ ತೊಂದರೆ ಕಡಿಮೆ ಮಾಡುವ ಔಷಧಿಗಳ ಹುಡುಕಾಟದ ಬಗ್ಗೆ ಬರೆಯುತ್ತಿದ್ದೇನೆ. ಓದುಗರಲ್ಲಿ ಅರವತ್ತು ದಾಟಿದವರೇ ಜಾಸ್ತಿ, ಖಂಡಿತ ಓದುತ್ತಾರೆ. ನಾನು ಸಿಕ್ಕಿಹಾಕಿಕೊಂಡಿರುವುದು ‘ಸೆನೆಸೆಂಟ್ ಸೆಲ್’ ಅನ್ನುವ ಮಾತಿನಲ್ಲಿ. ಒಡೆದು ಎರಡಾಗುತ್ತಿದ್ದು, ಆಮೇಲೆ ಅದನ್ನು ನಿಲ್ಲಿಸಿ, ಸಾಯದೆ ಉಳಿದುಕೊಳ್ಳುವ ಜೀವಕೋಶಕ್ಕೆ ಇಂಗ್ಲಿಷಿನಲ್ಲಿ ಹಾಗಂತಾರೆ.

ಸುಮ್ನೆ ‘ಮುದಿಕೋಶ’ ಅಂದುಬಿಡಬಹುದು. ಆದರೆ ಅರ್ಥ ತಪ್ಪುತ್ತದೆ. ಮೆದುಳಿನ ನರಕೋಶಗಳಲ್ಲಿ ಹೆಚ್ಚಿನವಕ್ಕೆ ನಮ್ಮಷ್ಟೇ ವಯಸ್ಸು. ಹಾಗಂತ ಅವನ್ನೆಲ್ಲ ಸೆನೆಸೆಂಟ್ ಅನ್ನುವುದಿಲ್ಲ. ಇನ್ನೊಂದು ಕಡೆ, ಎಳೆಯ ಮೈಯಲ್ಲೂ ಗಾಯ ಮಾಯುವಾಗ ಇಂಥ ಕೋಶಗಳು ಹುಟ್ಟಿಕೊಂಡು, ಕೆಲಸ ಮುಗಿದ ಮೇಲೆ ಹೋಗುತ್ತವೆ. ವಯಸ್ಸಿಗಿಂತ ಇದು ಕೋಶದ ಸ್ಥಿತಿಯ ಮಾತು.

1961ರಲ್ಲಿ ಲೆನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟರು. ಬಾಟಲಿಯಲ್ಲಿ ಬೆಳೆಸಿದ ಮನುಷ್ಯರ ಕೋಶಗಳು ಸುಮಾರು 50 ಸಲ ಒಡೆದು ಎರಡಾಗುತ್ತವೆ, ಆಮೇಲೆ ನಿಂತುಬಿಡುತ್ತವೆ. ಸಾಯುವುದಿಲ್ಲ. ಉಣ್ಣುತ್ತವೆ, ದಪ್ಪಗಾಗಿ ಚಪ್ಪಟೆಯಾಗುತ್ತವೆ, ಮರಿ ಮಾತ್ರ ಹಾಕುವುದಿಲ್ಲ. ಇದನ್ನು ಓದುವಾಗ ಥಟ್ಟನೆ ಹೊಳೆದದ್ದು ‘ಗೊಡ್ಡು’. ಕೊಟ್ಟಿಗೆಯಲ್ಲಿ ನಿಂತು ಹುಲ್ಲು ತಿನ್ನುತ್ತದೆ, ಗಬ್ಬ ಕಟ್ಟುವುದಿಲ್ಲ. ಎಷ್ಟು ಸರಿಯಾಗಿ ಹೊಂದುತ್ತದೆ, ಅಲ್ವಾ?

ಆದರೂ ಕೈ ತಡೆಯುತ್ತಿದೆ. ಮಕ್ಕಳಾಗದ ಹೆಂಗಸರನ್ನು ನಮ್ಮ ಕಡೆ ಇದೇ ಮಾತಿನಿಂದ ಚುಚ್ಚಿದ್ದುಂಟು. ಅದನ್ನು ಕೇಳಿ ನೊಂದ ಅಜ್ಜಿಯ ಕೈಗೂ ಪತ್ರಿಕೆ ಸಿಗಬಹುದು. ಮತ್ತೆ ‘ಗೊಡ್ಡು ಹರಟೆ’, ‘ಗೊಡ್ಡು ವೇದಾಂತ’ ಅನ್ನುವಾಗ ಅದರಲ್ಲಿ ಸತ್ವ ಇಲ್ಲ, ಉಪದ್ರವವೂ ಇಲ್ಲ ಅನ್ನುವ ಧಾಟಿ ಇದೆ. ಈ ಕೋಶವೋ, ತೆಪ್ಪಗೆ ಕೂರುವ ಜಾತಿಯಲ್ಲ. ಉರಿಯೂತ ತರುವ ವಸ್ತುಗಳನ್ನು ಸುರಿಸುತ್ತಾ ಅಕ್ಕಪಕ್ಕದ ಕೋಶಗಳನ್ನೂ ಕೆಡಿಸುತ್ತದೆ. ಮದ್ದು ಹುಡುಕುತ್ತಿರುವುದೇ ಅದಕ್ಕೆ.

ಆ ಮದ್ದುಗಳಿಗೂ ಹೆಸರು ಬೇಕು. ಒಂದು ಬಗೆ ಈ ಕೋಶಗಳನ್ನು ಮಾತ್ರ ಆರಿಸಿ ಕೊಲ್ಲುವಂಥದ್ದು. ರಕ್ತದ ಕ್ಯಾನ್ಸರಿಗೆ ಕೊಡುವ ಡಸಾಟಿನಿಬ್ ಜೊತೆಗೆ, ಈರುಳ್ಳಿಯಲ್ಲಿರುವ ಕ್ವೆರ್ಸಿಟಿನ್ ಸೇರಿಸಿ ಇಲಿಗಳಿಗೆ ಕೊಟ್ಟ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿ ಇನ್ನೂ ಪರೀಕ್ಷೆಯ ಹಂತ. ಕಳೆನಾಶಕದ ಹಾಗೆ ‘ಮುಪ್ಪುನಾಶಕ’ ಅಂದರೆ ಓದುಗರಿಗೆ ಸಲೀಸು. ಆದರೆ ನಾಳೆಯೇ ಯಾರೋ ಅದನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಸಂತೆಯಲ್ಲಿ ಮಾರುತ್ತಾರೆ! ಇನ್ನೊಂದು ಬಗೆ ಕೋಶವನ್ನು ಕೊಲ್ಲದೆ, ಅದು ಸುರಿಸುವುದನ್ನು ಮಾತ್ರ ತಗ್ಗಿಸುತ್ತದೆ. ಈಸ್ಟರ್ ದ್ವೀಪದ ಮಣ್ಣಿನಿಂದ ಸಿಕ್ಕ ರಾಪಾಮೈಸಿನ್‌ಗೆ ಈ ಗುಣ ಇದೆ. ಇದಕ್ಕೆ ‘ಬಾಯಿಕಟ್ಟು ಮದ್ದು’ ಅಂತ ಬರೆದುಕೊಂಡಿದ್ದೇನೆ, ನನಗಂತೂ ಇಷ್ಟವಾಗಿದೆ.

‘ಹೆಲ್ದಿ ಏಜಿಂಗ್’ಗೆ ‘ಆರೋಗ್ಯಕರ ವೃದ್ಧಾಪ್ಯ’ ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ. ‘ಅಜ್ಜ ಇನ್ನೂ ಗಟ್ಟಿ ಇದ್ದಾರೆ’ ಅಂತೀವಲ್ಲ, ಅದರಿಂದ ‘ಗಟ್ಟಿಮುಪ್ಪು’ ಮಾಡಿದೆ.

ಈಗ ಕೇಳಬೇಕಾದ್ದು: ತೋಟದಲ್ಲಿ ಹಸಿರಾಗೇ ನಿಂತಿದ್ದು, ಹಿಂಗಾರ ಬಿಡುವುದನ್ನು ನಿಲ್ಲಿಸಿದ ಅಡಿಕೆ ಮರಕ್ಕೆ ನಿಮ್ಮ ಕಡೆ ಏನಂತಾರೆ? ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಕೇಳಿ ತಿಳಿಸಿ. ಬೈಗುಳದ ವಾಸನೆ ಇಲ್ಲದ ಪದವಾದರೆ ಅದನ್ನೇ ಕೋಶಕ್ಕೂ ಇಡೋಣ. ಯಾವ ಊರಿನ ಬಳಕೆ ಅಂತಲೂ ಬರೆಯಿರಿ.