ಟ್ರೆಡ್‌ಮಿಲ್ ಡೆಸ್ಕ್ ಫಾರ್ವರ್ಡ್, ಫ್ಯಾಮಿಲಿ ಗ್ರೂಪಲ್ಲಿ

ಚಿಕ್ಕಪ್ಪ: ಆಫೀಸಿನವರೇ ಎಚ್ಚರ!! ಮೇಜಿನ ಕೆಳಗೆ ಟ್ರೆಡ್‌ಮಿಲ್ ಬೆಲ್ಟ್ ಇಟ್ಟು ನಡ್ಕೊಂಡು ಕೆಲಸ ಮಾಡಿದ್ರೆ ಗಮನ ಡಬಲ್, ಟೆನ್ಶನ್ ಝೀರೋ. ಎಲ್ರಿಗೂ ಕಳ್ಸಿ 🙏

ಅಕ್ಕ: ಡಬಲ್ ಅಂತ ಅಳತೆ ಮಾಡಿದ್ದು ಯಾರು? ಎಲ್ಲಿ ಬಂದಿದೆ ಅಂತ ಹಾಕಿ.

ಚಿಕ್ಕಪ್ಪ: ನಿಂಗೆ ನಾನು ಏನು ಕಳ್ಸಿದ್ರೂ ತಪ್ಪೇ

ದೊಡ್ಡಪ್ಪ: ಕೂತಲ್ಲಿ ಕೂರೋ ತಾಳ್ಮೆ ಇಲ್ಲದವರಿಗೆ ಗಮನ ಎಲ್ಲಿಂದ ಬರಬೇಕು. ಒಂದು ಹೊತ್ತಿಗೆ ಒಂದೇ ಕೆಲಸ.

ತಮ್ಮ: ದೊಡ್ಡಪ್ಪ, ನಮಗೆ ಮಗ್ಗಿ ಕಲಿಸುವಾಗ ನೀವೇ ಹಿಂದೆ ಕೈ ಕಟ್ಕೊಂಡು ಹಾಲ್ ತುಂಬ ಓಡಾಡ್ತಿದ್ರಿ, ನಾವೂ ಹಿಂದಿಂದೆ ಹದಿನಾರೆಂಟ್ಲೆ ಅಂತ ಬರ್ತಿದ್ವಿ, ಗೋಡೆ ಹತ್ರ ನೀವು ತಿರುಗಿದ್ರೆ ಎಲ್ರೂ ಡಿಕ್ಕಿ 😄

ದೊಡ್ಡಪ್ಪ: ಅದು ಬೇರೆ.

ನಾನು: ಬೇರೆ ಅಲ್ಲ ದೊಡ್ಡಪ್ಪ. ಅಮೆರಿಕದ ದೊಡ್ಡ ಆಸ್ಪತ್ರೆ ಮೇಯೋ ಕ್ಲಿನಿಕ್‌ನವರು 2024ರಲ್ಲಿ ಇದನ್ನೇ ಪರೀಕ್ಷೆ ಮಾಡಿದಾರೆ. 44 ಜನ, 4 ದಿನ, ಒಂದಿನ ಕೂತು, ಉಳಿದ ದಿನ ನಿಂತು, ನಡ್ಕೊಂಡು, ಸ್ಟೆಪ್ಪರ್ (ಮೆಟ್ಟಿಲು ಹತ್ತಿದ ಹಾಗೆ ತುಳಿಯೋ ಯಂತ್ರ) ತುಳ್ಕೊಂಡು. 11 ಥರ ಪರೀಕ್ಷೆ ಕೊಟ್ರು. ತಲೆ ಏನೂ ಮಂಕಾಗಲಿಲ್ಲ, ತರ್ಕದ ಪ್ರಶ್ನೇಲಿ ಕೂತಿದ್ದಾಗಿನಕ್ಕಿಂತ ಚೆನ್ನಾಗೇ ಮಾಡಿದ್ರು. ಟೈಪಿಂಗ್ ಸ್ವಲ್ಪ ನಿಧಾನ ಆಯ್ತು, ತಪ್ಪು ಮಾತ್ರ ಹೆಚ್ಚಾಗಲಿಲ್ಲ. ಆದ್ರೆ ಡಬಲ್ ಅನ್ನೋದು ಎಲ್ಲೂ ಇಲ್ಲ, ನಾಲ್ಕು ದಿನ ನೋಡಿ ಟೆನ್ಶನ್ ಝೀರೋ ಅಂತ ಹೇಳೋಕೂ ಆಗಲ್ಲ

ಅಕ್ಕ: ನೋಡಿದ್ರಾ. ಡಬಲ್ ಇಲ್ಲ.

ಚಿಕ್ಕಪ್ಪ: ಒಳ್ಳೇದು ಅಂತಾನೂ ಬರೆದಿದಾನಲ್ಲ ಅದು ಕಾಣಲ್ವಾ ನಿಂಗೆ. ಆವತ್ತು ನಾನು ಟ್ರೆಡ್‌ಮಿಲ್ ತಂದ್ಕೊಟ್ರೆ ಅದರ ಮೇಲೆ ಬಟ್ಟೆ ಒಣಗಾಕಿದವಳು ನೀನು

ಅಕ್ಕ: ಅದನ್ನ ಈಗ ಯಾಕೆ ತೆಗೀತೀರಾ??

ಅತ್ತೆ: ಬೆಳಗ್ಗೆ ಬೆಳಗ್ಗೆ ಜಗಳ ಬೇಡ. ಎಲ್ರೂ ನೀರು ಕುಡೀರಿ

ನಾನು: ಒಂದ್ನಿಮಿಷ, ಇದು ನಂಗೆ ನಿಜವಾಗ್ಲೂ ಬೇಕಾದ ವಿಷಯ. ನಮ್ಮ ಆಫೀಸಲ್ಲಿ ಇಂಥ ಡೆಸ್ಕ್ ಒಂದು ಇದೆ, ಎರಡು ತಿಂಗಳಿಂದ ಹತ್ತುತಾ ಇದೀನಿ. ಎಕ್ಸೆಲ್ ಮಾತ್ರ ಆಗಲ್ಲ, ಸೆಲ್‌ನ ಮೂಲೆ ಹಿಡಿದು ಎಳೆಯೋಕೆ ಹೋದ್ರೆ ಮೌಸ್ ಪಕ್ಕದ ಸಾಲಿಗೆ ಜಾರತ್ತೆ, ಮೂರು ಸಲ ನೋಡಿ ಬೆಲ್ಟ್ ನಿಲ್ಸಿ ಕೂತ್ಬಿಟ್ಟೆ. ಆದ್ರೆ ಫೋನ್ ಕಾಲ್ ಇದ್ದಾಗ, ಉದ್ದುದ್ದ ರಿಪೋರ್ಟ್ ಓದುವಾಗ ಮೆಲ್ಲಗೆ ನಡೀತಾ ಇದ್ರೆ ಭುಜ ಸಡಿಲ ಆಗತ್ತೆ, ಸಂಜೆ ಮನೆಗೆ ಬಂದ್ಮೇಲೆ ಸಿಡುಕೋದು ಕಡಿಮೆ ಆಗಿದೆ, ಬೇಕಾದ್ರೆ ಮನೇಲಿ ಕೇಳಿ. ಡೆಡ್‌ಲೈನ್ ಬಂದಾಗ ಟೆನ್ಶನ್ ಇದ್ದೇ ಇರತ್ತೆ, ಅದಕ್ಕೆ ಬೆಲ್ಟ್ ಏನೂ ಮಾಡಲ್ಲ

ದೊಡ್ಡಪ್ಪ: ಓದೋಕೆ ನಡಿಗೆ, ಬರೆಯೋಕೆ ಕುರ್ಚಿ ಅಂತೀಯ. ಇದನ್ನ ಒಪ್ಪಬಹುದು.

ಅಕ್ಕ: ಚಿಕ್ಕಪ್ಪಾ, ಬಟ್ಟೆ ಒಣಗಾಕಿದ್ದು ಬೆಲ್ಟ್ ಕಿರ್ ಕಿರ್ ಅಂತ ಮಗು ಏಳ್ತಿತ್ತು ಅಂತ. ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ

ಚಿಕ್ಕಪ್ಪ: ಅಷ್ಟೇನಾ. ಆವತ್ತೇ ಹೇಳಿದ್ರೆ ನಾನೇ ಬಂದು ಎಣ್ಣೆ ಬಿಡ್ತಿದ್ನಲ್ಲಮ್ಮ