ಗುಡ್ಡದ ಐದೂವರಿ ಎಕರೆ ಮಸಾರಿ ಹೊಲಕ್ಕ ಯಾವ ಟ್ರ್ಯಾಕ್ಟರ್ ತಗೋಬೇಕ್ರಿ?

ಮಡ್ಡಿಹೊಲ, ಚಿಂಚೋಳಿ

ಎಲ್ಲರಿಗೂ ನಮಸ್ಕಾರ ರೀ. ನಮ್ದು ಚಿಂಚೋಳಿ ತಾಲೂಕ, ಕುಂಚಾವರಂ ಕಡಿ ಹೋಗೋ ದಾರಿಗಿ ಹೊಲ ಅದ, ಐದೂವರಿ ಎಕರೆ. ಕಲಬುರಗಿ ಜಿಲ್ಲಾ ಅಂದ್ರ ಎಲ್ಲಾರೂ ಸಪಾಟ್ ಎರಿ ಹೊಲ ಅನ್ಕೋತಾರ, ನಮ್ದು ಹಂಗಿಲ್ಲ, ಕೆಂಪು ಮಸಾರಿ, ಮ್ಯಾಲ ಗುಡ್ಡ ಕೆಳಗ ಹಳ್ಳ, ನಡುವ ಒಡ್ಡು ಹಾಕಿ ಆರು ಪಟ್ಟಿ ಮಾಡ್ಯಾರ ನಮ್ಮ ಮುತ್ಯಾ. ಮ್ಯಾಲಿನ ಎರಡು ಪಟ್ಟಿ ಎಷ್ಟು ಇಳಿಜಾರು ಅಂದ್ರ ಮಳಿ ಬಂದಾಗ ಚಪ್ಪಲಿ ಹಾಕ್ಕೊಂಡು ನಿಲ್ಲಾಕ ಆಗಲ್ಲ. ತೊಗರಿ, ಹೆಸರು, ಉದ್ದು ಹಾಕ್ತೀವಿ, ಒಂದು ಎಕರೆದಾಗ ಮಾವಿನ ಗಿಡ ಅವ.

ಹೋದ ವರ್ಷ ಎತ್ತು ಮಾರಿದ್ವಿ, ಅಪ್ಪಗ ಮಂಡಿ ನೋವು, ದುಡಿಯೋನು ನಾ ಒಬ್ಬನೇ. ಬಾಡಿಗಿ ಟ್ರ್ಯಾಕ್ಟರ್‌ನವರು ನಿಮ್ಮ ಗುಡ್ಡಕ್ಕ ಯಾರ್ ಬರ್ತಾರ ಹೋಗೋ ಅಂತಾರ, ಬಂದ್ರೂ ಊರಾಗ ಎಲ್ಲರದೂ ಆದ ಮ್ಯಾಲ ಬರ್ತಾರ, ಅಷ್ಟ್ರಾಗ ಹದ ಆರಿ ಹೋಗಿರ್ತದ. ಶೋರೂಮ್‌ನವನು 45 ಎಚ್‌ಪಿ ತಗೋ ತಮ್ಮಾ, ಊರಾಗ ಬಾಡಿಗಿ ಹೊಡಿ, ಕಂತು ತಾನೇ ಹೊಂಟು ಹೋಗ್ತದ ಅಂತಾನ. ನಮ್ಮ ಗೆಳ್ಯ ಮಿನಿ ಸಾಕು ಅಂತಾನ. ಸಾಲ ಹಿಡಿದು ಆರು ಲಕ್ಷ ದಾಟಬಾರ್ದು. ಇಂಥಾ ಹೊಲದಾಗ ಖುದ್ದು ಹೊಡದವರು ಯಾರರೆ ಇದ್ರ ಹೇಳ್ರಿ.

ಔರಾದ್ ಕಾಕಾ

ತಮ್ಮಾ, 45 ಬ್ಯಾಡ. ಆ ಶೋರೂಮ್‌ನವನು ನಿನ್ನ ಹೊಲ ನೋಡ್ಯಾನೇನು? ನೋಡಿಲ್ಲ. ನಾ ಮೊದ್ಲು 42 ಎಚ್‌ಪಿದು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ, ಹಿಂದಿನ ಎರಡೇ ಗಾಲಿ ಎಳಿಯೋದು, ರೋಡಿಗಿ ಗಾಡಿ ರಾಜಾ ಇದ್ದಂಗ, ಆದ್ರ ನಮ್ಮ ಕೆಂಪು ಕಲ್ಲಿನ ಏರಿಗಿ ಕಲ್ಟಿವೇಟರ್ ಇಳಿಸಿ ಹತ್ತಿಸ್ಲಾಕ ಹೋದ್ರ ಮುಂದಿನ ಗಾಲಿ ಮ್ಯಾಲ ಏಳ್ತಿತ್ತು, ಸ್ಟೇರಿಂಗ್ ತಿರುಗಿಸಿದ್ರ ಖಾಲಿ ತಿರುಗ್ತದ ಗಾಡಿ ಮಾತ್ರ ಸೀದಾ ಹೋಗ್ತದ. ಆಮ್ಯಾಲ ಆ ಸಣ್ಣ ಪಟ್ಟಿದಾಗ ಹೊಳ್ಳಬೇಕಂದ್ರ ಎರಡೂ ತುದಿಗಿ ನಾಕ್ನಾಕು ಮಾರು ಜಾಗ ಹಂಗೇ ಬೀಳು ಬೀಳ್ತಿತ್ತು. ಎರಡು ವರ್ಷ ನೋಡಿ ಮಾರಿಬಿಟ್ಟೆ.

ಈಗ ಇರೋದು 24 ಎಚ್‌ಪಿ, ಫೋರ್ ವೀಲ್, ಅಂದ್ರ ನಾಕೂ ಗಾಲಿ ಎಳಿತಾವ. ಮಹೀಂದ್ರಾ ಜೀವೋ 245, ಕುಬೋಟಾ ಬಿ2441 ಎರಡೂ ಇದೇ ತಾಕತ್ತಿನವು, ಮೊದಲ್ನೇದು ಎರಡು ಸಿಲಿಂಡರ್, ಎರಡನೇದು ಮೂರು. ಜರಾ ಹೆಚ್ಚು ಬೇಕಂದ್ರ ಜಾನ್ ಡೀರ್‌ದು 28ರದು ಅದ, ರೊಕ್ಕನೂ ಹೆಚ್ಚು. ಸ್ವರಾಜ್ 724 ಎಕ್ಸ್‌ಎಂ ಭಾಳ ಮಂದಿ ಹೇಳ್ತಾರ, 25 ಎಚ್‌ಪಿ, ಛಲೋ ಗಾಡಿ, ಆದ್ರ ಟೂ ವೀಲ್, ನಿನ್ನ ಮ್ಯಾಲಿನ ಪಟ್ಟಿಗಿ ನಡಿಯಂಗಿಲ್ಲ. ಬಣ್ಣ ಯಾವ್ದರೆ ಇರ್ಲಿ, ಬಿತ್ತೋ ಹೊತ್ತಿನಾಗ ಕೆಟ್ರ ಅವತ್ತೇ ಮಿಸ್ತ್ರಿ ಬರ್ತಾನೋ ಇಲ್ಲೋ ಕೇಳು, ನಾ ಒಂದು ಫಿಲ್ಟರ್‌ಗಾಗಿ ಮೃಗಶಿರಾದಾಗ ಒಂಬತ್ತು ದಿನ ಕುಂತೀನಿ.

ಮಿನಿದಾಗ ಆಗದ್ದೂ ಹೇಳ್ತೀನಿ. ಪಲ್ಟಿ ನೇಗಿಲು ಹಚ್ಚಿ ಆಳ ಹೊಡೀಲಾಕ ಆಗಲ್ಲ. ಐದು ಹಲ್ಲಿನ ಕಲ್ಟಿವೇಟರ್, ಮೂರು-ಮೂರೂವರಿ ಅಡಿ ರೋಟಾವೇಟರ್, ಅಷ್ಟೇ ಅದರ ಜೀವ. ತೊಗರಿ ನಾಕು ಅಡಿ ಸಾಲು ಬಿಟ್ಟು ಬಿತ್ತಿದ್ರ ನಡುವ ಎಡಿ ಹೊಡಿಬಹುದು, ಮೂರು ಅಡಿಗಿ ಬಿತ್ತಿದ್ರ ಟೈರ್ ಗಿಡದ ಮ್ಯಾಲೇ ಹೋಗ್ತದ. ಅಂದ್ರ ಗಾಡಿ ತಗೊಂಡ ಮ್ಯಾಲ ನೀ ಬಿತ್ತೋ ಲೆಕ್ಕಾನೂ ಬದ್ಲಾಗ್ತದ.

ಸುರಪುರ ರೈತ

ಸಿಟ್ಟಾಗಬ್ಯಾಡ್ರಿ, ನಂದು ಬ್ಯಾರೆ ಮಾತು. ಐದೂವರಿ ಎಕರೆಗಿ ಟ್ರ್ಯಾಕ್ಟರ್ ಯಾಕ್ರಿ? ವರ್ಷಕ್ಕ ಎಷ್ಟು ತಾಸು ಓಡ್ತದ ಲೆಕ್ಕ ಹಾಕಿ ನೋಡ್ರಿ. ಹರಗೋದು, ಬಿತ್ತೋದು, ಎಡಿ ಎಲ್ಲಾ ಸೇರಿ ಎಕರೆಕ್ಕ ಆರೇಳು ಸಲ ಅನ್ರಿ, ಮಿನಿದಾಗ ಒಂದು ಸಲಕ್ಕ ಎರಡು ತಾಸು ಹಿಡಿದ್ರೂ 80 ತಾಸು ದಾಟಲ್ಲ. ಉಳಿದ ದಿನ ಗಾಡಿ ಶೆಡ್ಡಿನಾಗ ನಿಂತಿರ್ತದ, ಕಂತು ನಿಂದ್ರಂಗಿಲ್ಲ. ನಮ್ಮಲ್ಲಿ ಕಾಲುವಿ ನೀರು ಬಂದ ಮ್ಯಾಲ ಭತ್ತಕ್ಕಂತ ಮನಿಗೊಂದು ಟ್ರ್ಯಾಕ್ಟರ್ ಆಗ್ಯಾವ, ಬಾಡಿಗಿ ಹೊಡಿತೀನಿ ಅಂತ ತಗೊಂಡವರು ಎಲ್ಲಾರೂ ಒಬ್ಬರ ಮುಖ ಒಬ್ಬರು ನೋಡ್ಲತ್ತಾರ. ಪವರ್ ಟಿಲ್ಲರ್ ತಗೋರಿ, ಸಬ್ಸಿಡಿ ಬಂದ್ರ ಅರ್ಜಿ ಹಾಕ್ರಿ, ದೊಡ್ಡ ಕೆಲಸಕ್ಕ ಯಂತ್ರಧಾರೆ ಕೇಂದ್ರದಾಗ ಬಾಡಿಗಿ ತರ್ರಿ.

ಪಾನಾ ನಂ. 32, ಹುಮನಾಬಾದ್

ಸುರಪುರ ಅಣ್ಣಾರ ಲೆಕ್ಕ ಖರೆ ಅದ, ಆದ್ರ ಟಿಲ್ಲರ್ ಹಿಂದ ಗುಡ್ಡದಾಗ ದಿನಾ ನಡದು ನೋಡ್ರಿ, ಕಲ್ಲಿಗಿ ಬಡದಾಗೊಮ್ಮೆ ಹ್ಯಾಂಡಲ್ ಎದಿಗಿ ಬಂದು ಗುದ್ದತದ. ಆಮ್ಯಾಲ ಇವರ ಊರಿಗಿ ಬಾಡಿಗಿದವರು ಬರಲ್ಲ ಅಂತಾನೇ ಇವರು ಕೇಳ್ಲತ್ತಿದ್ದು.

ನಾ ಮೆಕ್ಯಾನಿಕ್, ಫೋರ್ ವೀಲ್ ಬಗ್ಗೆ ಒಂದು ಮಾತು ಹೇಳಬೇಕು. ಮಂದಿ ಅದನ್ನ ಏರು ಹತ್ತಲಾಕ ಅಂತ ತಗೋತಾರ, ಗುಡ್ಡದಾಗ ಅದು ಹೆಚ್ಚು ಕೆಲಸಕ್ಕ ಬರೋದು ಇಳಿಯುವಾಗ. ಈ ಸಣ್ಣ ಟ್ರ್ಯಾಕ್ಟರ್‌ಗಳಿಗಿ ಬ್ರೇಕ್ ಇರೋದು ಹಿಂದಿನ ಗಾಲಿಗಿ. ಇಳಿಜಾರಿನಾಗ ವಜ್ಜಾ ಎಲ್ಲಾ ಮುಂದಕ್ಕ ಹೋಗ್ತದ, ಹಿಂದಿನ ಗಾಲಿ ಹಗುರ ಆಗ್ತಾವ, ಬ್ರೇಕ್ ಒತ್ತಿದ್ರ ಗಾಲಿ ನಿಂತು ಗಾಡಿ ಜಾರ್ತದ. ಫೋರ್ ವೀಲ್ ಹಾಕಿದ್ರ ಮುಂದಿನ ಗಾಲಿನೂ ಶಾಫ್ಟಿನ ಮೂಲಕ ಅದೇ ಬ್ರೇಕಿಗಿ ಸಿಕ್ಕಿರ್ತಾವ, ನಾಕೂ ಹಿಡಿತಾವ. ಇಳಿಯೋಕ ಮೊದ್ಲೇ ಲೋ ಗೇರ್ ಹಾಕ್ಬೇಕು, ನಡುವ ಕ್ಲಚ್ ಒತ್ತಬಾರ್ದು. ಡೀಸೆಲ್ ಉಳಿತದಂತ ನ್ಯೂಟ್ರಲ್ ಮಾಡಿ ಇಳಿಸ್ತಾರಲ್ಲ, ಅವರ ಗಾಡಿ ನಮ್ಮ ಕಡಿ ಕ್ರೇನಿಗಿ ಜೋತು ಬಿದ್ದು ಬರ್ತಾವ. ಎಡಗಾಲಿಗೊಂದು ಬಲಗಾಲಿಗೊಂದು ಇರೋ ಎರಡು ಬ್ರೇಕ್ ಪೆಡಲ್ ನಡುವಿನ ಲಾಕ್ ಒಡ್ಡಿನ ತುದಿಗಿ ಹೊಳ್ಳುವಾಗ ಅಷ್ಟೇ ಬಿಚ್ರಿ, ರೋಡಿಗಿ ಬಂದ ಕೂಡ್ಲೇ ಹಾಕ್ರಿ.

ಇನ್ನೊಂದು, ಗಿಡದ ಬೊಡ್ಡಿ ಕೀಳ್ಲಾಕ ಸರಪಳಿ ಹಚ್ಚಿದ್ರ ಕೆಳಗಿನ ಕೊಂಡಿಗೇ ಹಚ್ಚಬೇಕು, ಮ್ಯಾಲಿನ ಟಾಪ್ ಲಿಂಕಿಗಿ ಹಚ್ಚಿದ್ರ ಬೊಡ್ಡಿ ಬರಲ್ಲ, ಗಾಡೀನೇ ಮುಂದಿನಿಂದ ಎದ್ದು ಡ್ರೈವರ್ ಮ್ಯಾಲ ಬೀಳ್ತದ. ಬರೇ ಕಣ್ಣು ಮಿಟುಕಿಸೋ ಹೊತ್ತು.

ರೇಟಿಂದು: 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಜಿಎಸ್‌ಟಿ 12ರಿಂದ 5 ಪರ್ಸೆಂಟ್ ಆಗ್ಯದ. ಅದಕ್ಕಿಂತ ಹಳೇ ಕೊಟೇಶನ್ ತೋರಿಸಿದ್ರ ಒಪ್ಪಬ್ಯಾಡ್ರಿ.

ಕಲ್ಯಾಣದ ಅಕ್ಕ

ನಾವು ಬಸವಕಲ್ಯಾಣದವ್ರು. ಎಲ್ಲಾರೂ ಏರೋದು ಇಳಿಯೋದು ಹೇಳೀರಿ, ಅಡ್ಡ ಹೋಗೋದು ಯಾರೂ ಹೇಳಿಲ್ಲ. ಕೃಷಿ ಇಲಾಖೆದವ್ರು ಮಣ್ಣು ಕೊಚ್ಚಿ ಹೋಗಬಾರ್ದು ಅಂದ್ರ ಇಳಿಜಾರಿಗಿ ಅಡ್ಡ ಹೊಡೀರಿ ಅಂತಾರ, ಅದೂ ಖರೇನೇ, ಆದ್ರ ಟ್ರ್ಯಾಕ್ಟರ್ ಹೆಚ್ಚಾಗಿ ಪಲ್ಟಿ ಆಗೋದೂ ಅಡ್ಡ ಹೋದಾಗೇ. ನಮ್ಮವರು ಮೂರು ವರ್ಷದ ಹಿಂದ ಹಿಂಗೇ ಅಡ್ಡ ಹೊಡಿತಾ ಹೋಗ್ಯಾರ, ಮ್ಯಾಲಿನ ಗಾಲಿ ಒಡ್ಡಿನ ಬುಡಕ್ಕ ಹತ್ತ್ಯದ, ಕೆಳಗಿನ ಗಾಲಿ ಮಳಿ ನೀರು ಕೊರದ ಸಂದಿಗಿ ಇಳದದ, ಎರಡೂ ಒಮ್ಮೇ. ನಾ ಬುತ್ತಿ ತಗೊಂಡು ಹೊಂಟಿದ್ದೆ, ಗಾಡಿ ಮೆಲ್ಲಗ, ಎಮ್ಮಿ ಮಲಗಿದಂಗ ಮಲಗ್ತು. ಇವರು ಜಿಗಿದ್ರು ಆದ್ರ ಕೆಳಗಿನ ಕಡಿಗೇ ಜಿಗಿದ್ರು, ಕಾಲು ಸಿಕ್ಕಿತು. ರಾಡ್ ಹಾಕ್ಯಾರ, ಈಗ್ಲೂ ಕುಂಟ್ತಾರ.

ಗಾಡಿ ಪಲ್ಟಿ ಆದ್ರ ಡ್ರೈವರ್‌ನ ಕಾಯೋ ಹಿಂದಿನ ಕಬ್ಬಿಣದ ಕಮಾನು ಬಿಚ್ಚಿ ಇಟ್ಟಿದ್ವಿ, ಮಾವಿನ ಟೊಂಗಿಗಿ ತಾಗ್ತದಂತ. ನೀವು ಬಿಚ್ಚಬ್ಯಾಡ್ರಿ, ಟೊಂಗಿ ಕಡೀರಿ. ಕಮಾನು ಇದ್ರ ಬೆಲ್ಟೂ ಹಾಕ್ಬೇಕು, ಬೆಲ್ಟ್ ಇಲ್ಲಂದ್ರ ಮನುಷ್ಯ ಹೊರಗ ಬಿದ್ದು ಆ ಕಮಾನಿನ ಕೆಳಗೇ ಸಿಗ್ತಾನ. ಮತ್ತ ಆ ಮ್ಯಾಲಿನ ಎರಡು ಪಟ್ಟಿಗಿ ಯಾವ ಟ್ರ್ಯಾಕ್ಟರೂ ಒಯ್ಯಬ್ಯಾಡ್ರಿ ತಮ್ಮಾ. ಸೀತಾಫಲ ಹಚ್ರಿ, ನಮ್ಮ ಕಡಿ ಗುಡ್ಡದಾಗ ಅದು ಯಾರೂ ಹಚ್ಚದೇ ಬೆಳಿತದ, ಕೆಳಗ ಹುಲ್ಲು ಬಿಡ್ರಿ.

ಮಡ್ಡಿಹೊಲ, ಚಿಂಚೋಳಿ

ಅಕ್ಕಾರ, ನಿಮ್ಮದು ಓದಿ ಅಪ್ಪಗೂ ಓದಿ ಹೇಳ್ದೆ, ಜರಾ ಹೊತ್ತು ಸುಮ್ನ ಕುಂತ, ಆಮ್ಯಾಲ ಮ್ಯಾಲಿನ ಪಟ್ಟಿ ಎತ್ತಿಗೇ ಆಗ್ತಿದ್ದಿಲ್ಲ, ನಿಮ್ಮ ಮುತ್ಯಾ ಹಟಕ್ಕ ಬಿದ್ದು ಮಾಡ್ದ ಅಂದ. ಅಂದ್ರ ಈಗ ಲೆಕ್ಕ ನಾಕು ಎಕರೆಕ್ಕ ಬಂದದ. ಸುರಪುರ ಅಣ್ಣಾ, ನೀವು ಹೇಳಿದ ತಾಸಿನ ಲೆಕ್ಕ ತಲಿ ಕೆಡಿಸ್ತು, ಅದಕ್ಕ ಬಾಜೂ ಹೊಲದ ಕಾಕಾನ ಮಗನ್ನ ಕೇಳ್ದೆ, ಅವಂದೂ ಮೂರು ಎಕರೆ ಇಂಥಾದ್ದೇ, ಅರ್ಧ ಕಂತು ನಾ ಕೊಡ್ತೀನಿ ಅಂದಾನ. ಹೆಸರಿಗಿ ಯಾರ್ದು ಮಾಡ್ಬೇಕು ಅನ್ನೋದು ಇನ್ನೂ ಮನ್ಯಾಗ ನಡದದ, ಅದು ಟ್ರ್ಯಾಕ್ಟರ್‌ಕಿಂತ ದೊಡ್ಡ ಗುಡ್ಡ.

24ರದು ಎರಡೂ ಕಂಪನಿದವರಿಗಿ ಡೆಮೋ ನಮ್ಮ ಹೊಲಕ್ಕೇ ತರ್ರಿ ಅಂದೀನಿ. ಒಬ್ಬರು ರವಿವಾರ ಬರ್ತಾರ. ಇನ್ನೊಬ್ಬರು ರೋಡ್ ಬಾಜೂ ಸಪಾಟ್ ಜಾಗ ಇದ್ರ ಹೇಳು ಅಂದ್ರು.

ಔರಾದ್ ಕಾಕಾ

ಆ ಎರಡನೇದವನಿಗಿ ಫೋನ್ ಮಾಡಬ್ಯಾಡ. ರವಿವಾರ ಬರೋನಿಗಿ ಕಲ್ಟಿವೇಟರ್ ಹಚ್ಚಿಕೊಂಡೇ ಬಾ ಅನ್ನು, ಖಾಲಿ ಗಾಡಿ ಎಲ್ಲರದೂ ಹತ್ತತದ. ಮತ್ತ ಹಿಂದಿನ ದಿನ ಒಂದು ಪಟ್ಟಿಗಿ ನೀರು ಬಿಟ್ಟು ಇಡು.

ಮಡ್ಡಿಹೊಲ, ಚಿಂಚೋಳಿ

ನೀರು ಎಲ್ಲಿಂದ ತರ್ಲಿ ಕಾಕಾ, ಬೋರ್ ಇಲ್ಲ. ಮೋಡ ಆಗ್ಯದ, ನೋಡಮು.